ಗೊತ್ತಣ್ಣನೂ ತಂಪು ಪೆಟ್ಟಿಗೆಯೂ

ಪರದೆ ಅಂಗಡಿಯಲ್ಲಿ ಕಿಟಕಿಗಳ ಅಳತೆ ತೆಗೆಯುವ ಕೆಲಸದಲ್ಲಿದ್ದ ಆ ಮನುಷ್ಯನನ್ನು ನೆರೆಹೊರೆಯವರು, ಅಂಗಡಿಯ ಯಜಮಾನರು, ಕೊನೆಗೆ ಹೆಂಡತಿಯ ಕಡೆಯವರು ಕೂಡ ಗೊತ್ತಣ್ಣ ಎಂದೇ ಕರೆಯುತ್ತಿದ್ದರು. ಅದು ತಂದೆತಾಯಿ ಇಟ್ಟ ಹೆಸರಲ್ಲ, ಸ್ವಂತ ದುಡಿಮೆಯಿಂದ ಸಂಪಾದಿಸಿಕೊಂಡದ್ದು. ಯಾರಾದರೂ ಏನನ್ನಾದರೂ ವಿವರಿಸಲು ಬಾಯಿ ತೆರೆದರೆ ಸಾಕು, ಮೊದಲ ವಾಕ್ಯ ಮುಗಿಯುವುದರೊಳಗೆ ಅವನು "ಗೊತ್ತು, ಗೊತ್ತು" ಎಂದು ತಲೆಯಾಡಿಸಿಬಿಡುತ್ತಿದ್ದ. ಇದರಲ್ಲಿ ಜಂಬವೇನೂ ಇರಲಿಲ್ಲ. ಎದುರಿಗಿದ್ದವರ ಗಂಟಲು ಸುಮ್ಮನೆ ಯಾಕೆ ಒಣಗಬೇಕು ಎಂಬ ದಾಕ್ಷಿಣ್ಯವಷ್ಟೆ. ಆ ದಾಕ್ಷಿಣ್ಯದಿಂದಾಗಿ ಅವನಿಗೆ ಈ ಲೋಕದ ಬಹುತೇಕ ಸಂಗತಿಗಳ ಮೊದಲರ್ಧ ಮಾತ್ರ ತಿಳಿದಿತ್ತು.

ಅವನ ಇನ್ನೊಂದು ಗುಣ ಕಸುಬಿನಿಂದ ಬಂದದ್ದು. ಕಿಟಕಿ ಎಷ್ಟೇ ಉದ್ದವಿರಲಿ, ಅಳತೆಪಟ್ಟಿ ಏನೇ ಹೇಳಲಿ, ಅವನು ಒಂದು ಗೇಣು ಹೆಚ್ಚಿಗೆ ಬರೆಸುತ್ತಿದ್ದ. "ಉದ್ದ ಆದ್ರೆ ಮಡಚಿ ಹೊಲೀಬಹುದು. ಗಿಡ್ಡ ಆದ್ರೆ ಯಾರ ಕಾಲು ಹಿಡಿಯೋದು?" ಎಂಬುದು ಅವನ ವಾದ. ಇದೇ ಲೆಕ್ಕಾಚಾರದಲ್ಲಿ ಅವನ ಮನೆಯ ಪರದೆಗಳು ನೆಲದ ಮೇಲೆ ಸಾಕಷ್ಟು ದೂರ ಹರಿದುಕೊಂಡು ಬಂದು, ಗುಡಿಸುವವರ ಕೆಲಸವನ್ನು ತಾವೇ ಮಾಡುತ್ತಿದ್ದವು.

ಇಂಥವನ ಮನೆಗೆ, ಮಂಡಿಯ ಆಪರೇಷನ್ ಮುಗಿಸಿಕೊಂಡು ಅತ್ತೆ ಬಂದರು.

ಬಂದದ್ದು ಸುಲಭವಾಗಿ ಅಲ್ಲ. ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ಕಾಯಿಲೆಯಾಗಲಿ, ಕಣ್ಣಿನ ಪೊರೆ ತೆಗೆಸುವುದಾಗಲಿ, ಏನಿದ್ದರೂ ಅವರು ಹೋಗುತ್ತಿದ್ದದ್ದು ದೊಡ್ಡ ಮಗಳ ಮನೆಗೆ. ಅಲ್ಲಿ ಲಿಫ್ಟ್ ಇತ್ತು, ಕೆಲಸಕ್ಕೆ ಜನರಿದ್ದರು, ಮೇಲಾಗಿ ದೊಡ್ಡ ಅಳಿಯ ಸೇತುವೆ ಕಟ್ಟುವ ಇಂಜಿನಿಯರು. ಗೊತ್ತಣ್ಣನ ಹೆಂಡತಿ ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್ ಮೇಜಿನ ಹಿಂದೆ ಕೂತು ದಿನವಿಡೀ ಪರರ ಹಲ್ಲುನೋವನ್ನು ಸಾವಧಾನವಾಗಿ ಕೇಳುವವಳು. ಈ ಒಂದು ವಿಷಯದಲ್ಲಿ ಮಾತ್ರ ಅವಳ ಸಾವಧಾನ ಮುಗಿದಿತ್ತು.

"ಈ ಸಲ ಅಮ್ಮ ನಮ್ಮನೇಲೇ ಇರ್ಬೇಕು" ಎಂದು ಅವಳು ಹಟ ಹಿಡಿದು ಕರೆತಂದಿದ್ದಳು. "ಆದ್ರೆ ನೋಡ್ರೀ, ಶನಿವಾರ ಭಾವ ಬರ್ತಾರಂತೆ. ಇಲ್ಲಿ ಸರಿಹೋಗಿಲ್ಲ ಅನ್ನಿಸಿದ್ರೆ ಕಾರಲ್ಲಿ ಕೂರಿಸ್ಕೊಂಡು ಹೋಗ್ತಾರಂತೆ. ಒಂದ್ಸಲ ಹೋದ್ರೆ ಮುಗೀತು. ಇನ್ನು ಈ ಜನ್ಮದಲ್ಲಿ ಅಮ್ಮ ನಮ್ಮನೆ ಮೆಟ್ಟಿಲು ಹತ್ತಲ್ಲ."

"ಗೊತ್ತು, ಗೊತ್ತು" ಎಂದ ಗೊತ್ತಣ್ಣ. ಇದು ಮಾತ್ರ ಅವನಿಗೆ ಪೂರ್ತಿ ಗೊತ್ತಿತ್ತು. ಅಂಗಡಿಗೆ ರಜೆ ಹಾಕಿ ಅತ್ತೆಯ ಸೇವೆಗೆ ನಿಂತ.

ಅವನನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ಬೇರೆಯೇ ಸಂಗತಿ. ಅತ್ತೆ ಮಾತಾಡುತ್ತಿರಲಿಲ್ಲ. ಅವರು ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಇಡೀ ಊರಿನ ಮಾತನ್ನು ಅಲ್ಲಿಂದಿಲ್ಲಿಗೆ ಜೋಡಿಸಿ ನಿವೃತ್ತರಾದವರು. ಊರಿನವರ ಪಾಲಿನದ್ದನ್ನೆಲ್ಲ ಕೇಳಿ ಮುಗಿಸಿದವರು ತಮ್ಮ ಪಾಲಿನದ್ದನ್ನು ಆಡಲು ಹೋಗುತ್ತಿರಲಿಲ್ಲ ಎಂದು ತಿಳಿದುಕೊಳ್ಳಬಹುದಿತ್ತು. ಆದರೆ ಹೆಂಡತಿ ಒಮ್ಮೆ, "ಅಕ್ಕನ ಮನೇಲಿ ಅಮ್ಮ ಎಷ್ಟು ಮಾತಾಡ್ತಾಳೆ ಗೊತ್ತಾ? ಇಲ್ಲಿ ಬಂದ್ರೆ ತುಟಿ ಬಿಚ್ಚಲ್ಲ" ಎಂದುಬಿಟ್ಟಿದ್ದಳು. ಅಂದಿನಿಂದ ಅತ್ತೆಯ ಮೌನ ಕಂಡರೆ ಗೊತ್ತಣ್ಣನಿಗೆ ಗಿಡ್ಡ ಪರದೆ ಕಂಡಂತಾಗುತ್ತಿತ್ತು. ಎಲ್ಲೋ ಏನೋ ಸಾಲದಾಗಿದೆ. ಕೂಡಲೇ ದಿಂಬು ತರುತ್ತಿದ್ದ, ಇನ್ನೊಂದು ದಿಂಬು ತರುತ್ತಿದ್ದ, ಕಾಫಿ ಕೊಟ್ಟು ಆ ಲೋಟ ಖಾಲಿಯಾಗುವ ಮುಂಚೆ ಚಹಾ ಹಿಡಿದು ನಿಲ್ಲುತ್ತಿದ್ದ. ಅತ್ತೆ ಇನ್ನಷ್ಟು ಮೌನವಾಗುತ್ತಿದ್ದರು.

ಆಸ್ಪತ್ರೆಯಿಂದ ಮನೆಗೆ ಬಂದ ಫಿಸಿಯೋ ಮೇಡಂ ಜೊತೆಗೆ ಒಂದು ಪೆಟ್ಟಿಗೆ ತಂದರು. ಪಿಕ್ನಿಕ್ಕಿಗೆ ಒಯ್ಯುವ ಡಬ್ಬದಂತಿದ್ದ ಅದಕ್ಕೆ ಒಂದು ಜೋಡಿ ಕೊಳವೆ, ಕೊಳವೆಯ ತುದಿಗೆ ಮಂಡಿಗೆ ಸುತ್ತುವ ನೀರಿನ ಪಟ್ಟಿ, ಮೇಲೆ ಅಂಕಿ ತೋರಿಸುವ ಪುಟ್ಟ ಕಿಂಡಿ ಮತ್ತು ಒಂದು ಹಸಿರು ದೀಪ. ಬಾವು ಇಳಿಯಬೇಕಾದರೆ ಮಂಡಿ ಹದವಾಗಿ ತಂಪಾಗಿರಬೇಕು, ಅದಕ್ಕೇ ಈ ಯಂತ್ರ ಎಂದರು.

"ನೋಡಿ, ಪೆಟ್ಟಿಗೇಲಿ ನೀರು, ಐಸು. ಪಂಪು ತಣ್ಣೀರನ್ನ ಈ ಪಟ್ಟಿಗೆ ಕಳಿಸುತ್ತೆ. ಮಂಡಿ ಬಿಸಿ ಹೀರ್ಕೊಂಡು ನೀರು ವಾಪಸ್ ಬರುತ್ತೆ."

"ಗೊತ್ತು, ಗೊತ್ತು."

"ಎಷ್ಟು ತಂಪಿರಬೇಕು ಅಂತ ನಾನು ಇಟ್ಟಿದ್ದೀನಿ. ಅದನ್ನ ಮುಟ್ಟಬೇಡಿ. ಐಸು ಈ ಗೆರೆವರೆಗೆ ಸಾಕು. ಆಮೇಲೆ, ಮುಖ್ಯವಾದದ್ದು, ಮೆಷಿನ್ ಆಗಾಗ—"

"ಗೊತ್ತು ಮೇಡಂ. ನಮ್ಮ ಅಂಗಡೀಲೂ ಮೋಟರ್ ಪರದೆ ಇದೆ. ಬಟನ್ ಒತ್ತಿದ್ರೆ ಸಾಕು."

ಮೋಟರ್ ಪರದೆಗೂ ಮಂಡಿಗೂ ಏನು ಸಂಬಂಧ ಎಂದು ಮೇಡಂ ಒಂದು ಕ್ಷಣ ಯೋಚಿಸಿದರು. ಕೆಳಗೆ ಇನ್ನೊಬ್ಬ ರೋಗಿಯ ಮನೆಗೆ ಹೋಗಲು ಆಟೋ ಕಾಯುತ್ತಿತ್ತು. ಶನಿವಾರ ಬಂದು ನೋಡುವುದಾಗಿ ಹೇಳಿ ಹೊರಟರು. ಹೀಗೆ ಅತಿ ಮುಖ್ಯವಾದದ್ದು ಬಾಗಿಲಾಚೆ ಹೊರಟುಹೋಯಿತು.

ಯಂತ್ರ ಗುರ್ರ್ ಎಂದು ಶುರುವಾಯಿತು. ಗೊತ್ತಣ್ಣನಿಗೆ ಆ ಸದ್ದು ಬಹಳ ಹಿಡಿಸಿತು. ಮನೆಯಲ್ಲಿ ಯಾರೋ ಒಬ್ಬರು ಮಾತಾಡುತ್ತಿದ್ದಾರಲ್ಲ ಎಂಬ ಸಮಾಧಾನ. ಅತ್ತೆ ಕಣ್ಣು ಮುಚ್ಚಿದರು. ಇವನು ಪಕ್ಕದ ಕುರ್ಚಿಯಲ್ಲಿ ಕೂತು ಕೈಕಟ್ಟಿಕೊಂಡ.

ಸ್ವಲ್ಪ ಹೊತ್ತಿಗೆ ಯಂತ್ರ ಟಕ್ ಎಂದು ನಿಂತಿತು.

ಗೊತ್ತಣ್ಣ ಎದ್ದು ನಿಂತ. ಹಸಿರು ದೀಪ ಉರಿಯುತ್ತಿದೆ, ಕಿಂಡಿಯಲ್ಲಿ ಅಂಕಿ ಇದೆ, ಸದ್ದು ಮಾತ್ರ ಇಲ್ಲ. ಕರೆಂಟ್ ಇದ್ದೂ ಕೆಲಸ ಮಾಡುತ್ತಿಲ್ಲ ಎಂದರೆ ಹೊಟ್ಟೆಗೆ ಸಾಲದಾಗಿರಬೇಕು. ಮುಚ್ಚಳ ತೆಗೆದು ನೋಡಿದ. ಐಸು ಮೇಡಂ ತೋರಿಸಿದ ಗೆರೆಯವರೆಗೇ ಇತ್ತು. ಗೆರೆ ಹಾಕುವವರು ಗಿಡ್ಡ ಅಳತೆಯವರು ಎಂದು ಅವನ ಅನುಭವ ಹೇಳಿತು. ಫ್ರಿಜ್ಜಿನಲ್ಲಿದ್ದ ಐಸನ್ನೆಲ್ಲ ತಂದು ಸುರಿದ.

ಅಷ್ಟರಲ್ಲಿ ಪಟ್ಟಿಯೊಳಗಿನ ನೀರು ಮಂಡಿಯ ಬಿಸಿಗೆ ಕೊಂಚ ಬೆಚ್ಚಗಾಗಿತ್ತು. ಯಂತ್ರ ಗುರ್ರ್ ಎಂದಿತು.

"ನೋಡಿದ್ರಾ ಅತ್ತೆ, ಐಸು ಸಾಲ್ದಾಗಿತ್ತು" ಎಂದು ಗೊತ್ತಣ್ಣ ಬೀಗಿದ.

ಅತ್ತೆ ಕಣ್ಣು ತೆರೆದರು. "ಅಳಿಯಂದ್ರೇ, ಅದು ಹಾಗಲ್ಲ, ಅದು—"

"ಗೊತ್ತು ಅತ್ತೆ. ನೀವು ಆಯಾಸ ಮಾಡ್ಕೋಬೇಡಿ."

ಅತ್ತೆ ಕಣ್ಣು ಮುಚ್ಚಿಕೊಂಡರು.

ಐಸು ಹೆಚ್ಚಾದದ್ದರಿಂದ ಈ ಸಲ ಪಟ್ಟಿ ಬೇಗ ತಂಪಾಯಿತು, ಯಂತ್ರ ಬೇಗ ನಿಂತಿತು. ಗೊತ್ತಣ್ಣ ಗಾಬರಿಯಾದ. ಇಷ್ಟು ಹಾಕಿದರೂ ಸಾಲದೇ? ಪಕ್ಕದ ಮನೆಯ ಹೊಲಿಗೆಯಕ್ಕನ ಬಾಗಿಲು ತಟ್ಟಿದ. ಆಕೆ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆಯದೆಯೇ ಐಸ್ ತಟ್ಟೆ ಕೊಟ್ಟು, ಯಾಕೆಂದು ಕೇಳಿ, ಉತ್ತರ ಪೂರ್ತಿ ಮುಗಿಯುವ ಮೊದಲೇ ತಾನೂ ಹಿಂದೆಯೇ ಬಂದಳು. ಸುರಿದರು. ಕಾದರು. ಗುರ್ರ್ ಎಂದಿತು. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಟಕ್ ಎಂದು ನಿಂತಿತು.

"ಅಯ್ಯೋ, ಪಾಪ, ಎಷ್ಟು ಹಸಿವು ಅದಕ್ಕೆ" ಎಂದಳು ಹೊಲಿಗೆಯಕ್ಕ.

ಗಮನಿಸಬೇಕಾದ ಮಾತೆಂದರೆ, ಯಂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡಿತೋ ಅಷ್ಟು ಹೊತ್ತು ಸುಮ್ಮನಿರುತ್ತಿತ್ತು. ಅದು ಎಷ್ಟು ಹೊತ್ತು ಸುಮ್ಮನಿತ್ತೋ ಗೊತ್ತಣ್ಣ ಅಷ್ಟು ಐಸು ತರುತ್ತಿದ್ದ. ಅವನು ಎಷ್ಟು ತಂದನೋ ಅದು ಅಷ್ಟು ಹೆಚ್ಚು ಸುಮ್ಮನಾಗುತ್ತಿತ್ತು. ಇಬ್ಬರು ಸಜ್ಜನರು ಬಾಗಿಲಲ್ಲಿ ನಿಂತು "ನೀವು ಮೊದಲು, ನೀವು ಮೊದಲು" ಎಂದು ಒಬ್ಬರನ್ನೊಬ್ಬರು ತಡೆದು ನಿಲ್ಲಿಸಿದ ಹಾಗೆ ಈ ವ್ಯವಹಾರ ಬೆಳೆಯುತ್ತಾ ಹೋಯಿತು.

ಕಟ್ಟಡದ ಯಾವ ಮನೆಯ ಫ್ರಿಜ್ಜಿನಲ್ಲೂ ಐಸು ಉಳಿಯಲಿಲ್ಲ. ಕೊಟ್ಟವರು ಕೊಟ್ಟು ಸುಮ್ಮನಿರುವ ಜನವಲ್ಲ. "ನಮ್ಮನೆ ಐಸು ಹಾಕಿದ್ರಾ?" ಎಂದು ವಿಚಾರಿಸಲು ಬಂದರು. ಹೊಸದಾಗಿ ಮದುವೆಯಾದವರ ಮನೆಯಿಂದ ಹೃದಯದ ಆಕಾರದ ಐಸು ಬಂದಿತ್ತು. ಆ ಹುಡುಗಿ ತನ್ನ ಹೃದಯಗಳು ಕರಗಿದವೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡಿದಳು. ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ತರು ಬಂದು, ಬೆನ್ನ ಹಿಂದೆ ಕೈಕಟ್ಟಿಕೊಂಡು ಯಂತ್ರದ ಸುತ್ತ ಪರೀಕ್ಷಾ ಕೋಣೆಯಲ್ಲಿ ನಡೆಯುವಂತೆ ಒಂದು ಸುತ್ತು ಹಾಕಿದರು.

"ಇದು ಸೋಮಾರಿ ಯಂತ್ರ" ಎಂದು ತೀರ್ಪು ಕೊಟ್ಟರು. "ನನ್ನ ಸ್ಕೂಲಲ್ಲೂ ಇಂಥವು ಇದ್ದವು. ಎದುರಿಗೆ ನಿಂತ್ರೆ ಓದುತ್ತವೆ. ಬೆನ್ನು ತಿರುಗಿಸಿದ್ರೆ ನಿದ್ದೆ."

"ತಲೆ ಮೇಲೆ ಒಂದು ಬಿಟ್ರೆ ಸರಿಹೋಗುತ್ತಾ ಸಾರ್?" ಎಂದು ಗೊತ್ತಣ್ಣ ವಿನಯದಿಂದ ಕೇಳಿದ.

"ನಾನು ಯಾವತ್ತೂ ಹೊಡೆದವನಲ್ಲ. ದಿಟ್ಟಿಸಿ ನೋಡ್ತಿದ್ದೆ."

ಹೆಡ್‌ಮಾಸ್ತರು ಕುರ್ಚಿ ಎಳೆದುಕೊಂಡು ಯಂತ್ರವನ್ನು ದಿಟ್ಟಿಸಿದರು. ಸ್ವಲ್ಪ ಹೊತ್ತಿನ ಮೇಲೆ ಯಂತ್ರ ಗುರ್ರ್ ಎಂದಿತು. ಹೊಲಿಗೆಯಕ್ಕ ಕೈ ಜೋಡಿಸಿಬಿಟ್ಟಳು. ಮಾಸ್ತರು ಕನ್ನಡಕ ಒರೆಸಿಕೊಂಡು, ವೃತ್ತಿಯಲ್ಲಿ ತಮಗಿನ್ನೂ ಜೀವವಿದೆ ಎಂಬ ಗತ್ತಿನಲ್ಲಿ ಮೆಟ್ಟಿಲಿಳಿದು ಹೋದರು. ಈ ಗದ್ದಲದ ನಡುವೆ ಮಲಗಿದ್ದ ಅತ್ತೆ ಒಂದು ಮಾತೂ ಆಡಲಿಲ್ಲ. ಅವರ ತುಟಿಯ ಒಂದು ತುದಿ ಮಾತ್ರ ಯಾಕೋ ಸ್ವಲ್ಪ ಮೇಲೆದ್ದಿತ್ತು. ಅದನ್ನು ನೋಡಿದ ಗೊತ್ತಣ್ಣ, ನೋವಿಗೆ ಮುಖ ಕಿವುಚಿದ್ದಾರೆ ಎಂದುಕೊಂಡು ಇನ್ನೊಂದು ದಿಂಬು ತಂದ.

ಶುಕ್ರವಾರದ ಹೊತ್ತಿಗೆ ಯಂತ್ರ ಮಾತಾಡುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿತ್ತು. ನಾಳೆ ಷಡ್ಡಕ ಬರುವ ದಿನ. ಇಂಜಿನಿಯರ ಕಣ್ಣೆದುರು ಯಂತ್ರ ಮೂಕವಾಗಿ ಕೂತರೆ ಅತ್ತೆ ಹೋದಂತೆಯೇ. ಹೆಂಡತಿ ಆಗಲೇ ಅಮ್ಮನ ಸೀರೆಗಳನ್ನು ತನ್ನ ಬೀರುವಿನಲ್ಲಿ ಜೋಡಿಸಿಟ್ಟಿದ್ದಳು. ಅವನ್ನು ಮತ್ತೆ ಬ್ಯಾಗಿಗೆ ಹಾಕುವಾಗ ಅವಳ ಮುಖ ಹೇಗಿರುತ್ತದೆ ಎನ್ನುವುದನ್ನು ಗೊತ್ತಣ್ಣ ಅಳತೆ ತೆಗೆಯದೆಯೇ ಕಾಣಬಲ್ಲವನಾಗಿದ್ದ.

ಶನಿವಾರ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ಅವನು ಐಸ್ ಕಾರ್ಖಾನೆಗೆ ಹೋದ. ಅಲ್ಲಿನವನು, "ಎಷ್ಟು ಬೇಕು ಸಾರ್? ಮದುವೆ ಊಟಕ್ಕಾ?" ಎಂದು ಕೇಳಿದ.

"ಒಂದು ಮಂಡಿಗೆ" ಎಂದ ಗೊತ್ತಣ್ಣ.

ಕಾರ್ಖಾನೆಯಲ್ಲಿ ಮಂಡಿಯ ಲೆಕ್ಕ ಇರಲಿಲ್ಲ. ಇಡೀ ದಿಮ್ಮಿ, ಇಲ್ಲವೇ ಅರ್ಧ ದಿಮ್ಮಿ. ಅರ್ಧ ಸಾಕೆಂದು ಕಾರ್ಖಾನೆಯವನೇ ಹೇಳಿದ. ಒಂದು ಗೇಣು ಹೆಚ್ಚಿಗೆ ಇರಲಿ ಎಂದು ಗೊತ್ತಣ್ಣ ಇಡೀ ದಿಮ್ಮಿ ಹೇರಿಸಿದ. ಹಲಗೆಯಷ್ಟು ಉದ್ದದ ಆ ದಿಮ್ಮಿ ಗೋಣಿಚೀಲ ಹೊದ್ದು, ಮರದ ಹೊಟ್ಟು ಮೆತ್ತಿಕೊಂಡು, ಗೂಡ್ಸ್ ಆಟೋದಲ್ಲಿ ಬಂದಿಳಿಯಿತು. ಲಿಫ್ಟ್ ಇಲ್ಲದ ಕಟ್ಟಡದ ಮೆಟ್ಟಿಲುಗಳ ಮೇಲೆ ಅದನ್ನು ಹಗ್ಗ ಕಟ್ಟಿ ಎಳೆದದ್ದು ಒಂದು ಪ್ರತ್ಯೇಕ ಪುರಾಣ. ಮುಂದಿನಿಂದ ಆಟೋದವನು ಎಳೆದ, ಹಿಂದಿನಿಂದ ಗೊತ್ತಣ್ಣ ತಳ್ಳಿದ, ಹೊಲಿಗೆಯಕ್ಕ ಮೇಲಿಂದ "ಎಡಕ್ಕೆ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ" ಎಂದು ದಾರಿ ತೋರಿಸಿದಳು. ಕೊನೆಗೆ ದಿಮ್ಮಿ ಬಚ್ಚಲುಮನೆಯಲ್ಲಿ ಪವಡಿಸಿತು. ಗೊತ್ತಣ್ಣ ಸುತ್ತಿಗೆಯಿಂದ ಒಡೆದು ಒಡೆದು ಪೆಟ್ಟಿಗೆ ತುಂಬಿ, ಮುಚ್ಚಳ ಮುಚ್ಚದಿದ್ದಾಗ ಅದರ ಮೇಲೆ ಕೂತು ಮುಚ್ಚಿದ.

ಯಂತ್ರ ಒಮ್ಮೆ ಗುರ್ರ್ ಎಂದಿತು. ಟಕ್. ಮತ್ತೆ ಉಸಿರೇ ಇಲ್ಲ.

ಅತ್ತ ಬಚ್ಚಲಲ್ಲಿ ಮರದ ಹೊಟ್ಟು ನೀರು ಹೋಗುವ ತೂತಿಗೆ ಕಟ್ಟಿಕೊಂಡಿತು. ಕರಗಿದ ನೀರು ಹೊಸ್ತಿಲು ದಾಟಿ, ನಡುಮನೆ ಹಾದು, ಉದ್ದನೆಯ ಪರದೆಗಳನ್ನು ನೆನೆಸಿ, ಮುಂಬಾಗಿಲಿನಿಂದ ಮೆಟ್ಟಿಲಿಳಿಯಿತು. ಕೆಳಗಿನ ಮನೆಯ ಸೂರು ತೊಟ್ಟಿಕ್ಕತೊಡಗಿದಾಗ ಹೆಡ್‌ಮಾಸ್ತರು ಸೂರನ್ನೂ ದಿಟ್ಟಿಸಿ ನೋಡಿದರು. ಅದು ಬಗ್ಗಲಿಲ್ಲ. ನೀರಿನ ಕಚೇರಿಗೆ ಫೋನ್ ಮಾಡಿ, ಪೈಪು ಒಡೆದಿದೆ ಎಂದು ದೂರು ಕೊಟ್ಟರು.

ಎಂದೂ ಕರೆದ ದಿನ ಬರದ ಆ ಕಚೇರಿಯ ಇನ್‌ಸ್ಪೆಕ್ಟರು ಅಂದೇ ಬಂದುಬಿಟ್ಟರು. ಮೆಟ್ಟಿಲ ಮೇಲೆ ಹರಿಯುವ ನೀರಿನ ಜಾಡು ಹಿಡಿದು, ಪ್ಯಾಂಟು ಮಡಚಿಕೊಂಡು ಮೇಲೆ ಬಂದು, ಗೊತ್ತಣ್ಣನ ಬಾಗಿಲಲ್ಲಿ ಬಗ್ಗಿ ನೀರಿಗೆ ಬೆರಳಿಟ್ಟು, ಬೆಚ್ಚಿ ತೆಗೆದರು.

"ಏನ್ರೀ ಇದು? ಎಲ್ಲಿಂದ ಕನೆಕ್ಷನ್ ತಗೊಂಡಿದ್ದೀರಿ?"

"ಕನೆಕ್ಷನ್ ಇಲ್ಲ ಸಾರ್."

"ಸುಳ್ಳು ಹೇಳ್ಬೇಡಿ. ಇದು ನಮ್ಮ ನೀರಲ್ಲ. ಇಷ್ಟು ತಣ್ಣಗಿರೋ ನೀರನ್ನ, ಇಷ್ಟು ಹೊತ್ತು ಬಿಡದೆ, ನಮ್ಮ ಇಲಾಖೆ ಯಾವತ್ತೂ ಯಾರಿಗೂ ಕೊಟ್ಟಿಲ್ಲ."

ಸರಿಯಾಗಿ ಆಗಲೇ ಷಡ್ಡಕರು ಬಂದರು. ಹೊಳೆಯುವ ಬೂಟು ಕೈಯಲ್ಲಿ ಹಿಡಿದು, ಇನ್‌ಸ್ಪೆಕ್ಟರ ಪಕ್ಕದಿಂದ ತುದಿಗಾಲಲ್ಲಿ ದಾಟಿ ಒಳಗೆ ಬಂದು, ಮೊದಲು ಅತ್ತೆಯನ್ನು, ಆಮೇಲೆ ಅತ್ತೆಯ ಸುತ್ತಲಿನ ದಿಂಬುಗಳ ಕೋಟೆಯನ್ನು, ಆಮೇಲೆ ಯಂತ್ರವನ್ನು ನೋಡಿದರು.

"ಏನಪ್ಪಾ ಇದು? ಮನೆ ಮುಂದೆ ಹೊಳೆ ಹರಿತಿದೆ."

"ಹೊಳೆ ಆದ್ರೇನಣ್ಣ, ನೀವು ಸೇತುವೆ ಕಟ್ಟೋರಲ್ವಾ" ಎಂದುಬಿಟ್ಟ ಗೊತ್ತಣ್ಣ. ಗಾಬರಿಯಲ್ಲಿ ಬಂದ ಮಾತು. ಬಾಗಿಲಲ್ಲಿದ್ದ ಹೊಲಿಗೆಯಕ್ಕ ನಕ್ಕು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಷಡ್ಡಕರು ನಗಲಿಲ್ಲ. ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಕಿವಿ ಇಟ್ಟು ಕೇಳಿ, ಎರಡು ಬೆರಳಿಂದ ತಟ್ಟಿ, "ಪಂಪು ಸುಟ್ಟುಹೋಗಿದೆ" ಎಂದರು. "ಹೊಸದು ನಾನು ತರಿಸ್ತೀನಿ, ನಮ್ಮ ಮನೇಲೇ ಹಾಕಿಸ್ತೀನಿ. ಅತ್ತೆ, ಹೊರಡಿ. ಎಷ್ಟು ದಿನದಿಂದ ಹೀಗಿದೆಯೋ ಏನೋ, ಮಂಡಿ ಏನಾಗಿದೆಯೋ."

ಮಂಡಿಯ ಮಾತು ಬಂದದ್ದೇ ಗೊತ್ತಣ್ಣನ ಮುಖ ಬಾಡಿತು. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಅಷ್ಟು ದಿನವೂ ಯಂತ್ರಕ್ಕೇ ಉಪಚಾರ ಮಾಡಿದ್ದನಲ್ಲದೆ ಮಂಡಿ ಹೇಗಿದೆಯೆಂದು ಒಮ್ಮೆಯೂ ಕೇಳಿರಲಿಲ್ಲ.

ಹೇಳಿದ ಮಾತಿಗೆ ತಪ್ಪದ ಫಿಸಿಯೋ ಮೇಡಂ ಒದ್ದೆ ಮೆಟ್ಟಿಲು ಹತ್ತಿ ಬಂದಾಗ ಕೋಣೆಯಲ್ಲಿ ಇಷ್ಟೆಲ್ಲ ಜನ ತುಂಬಿತ್ತು. ಅವರು ಯಾರನ್ನೂ ಏನನ್ನೂ ಕೇಳದೆ ಪಟ್ಟಿ ಬಿಚ್ಚಿದರು. ಮಂಡಿ ಮುಟ್ಟಿ ನೋಡಿದರು, ಮೆಲ್ಲಗೆ ಮಡಚಿಸಿದರು. ಗೊತ್ತಣ್ಣನ ಕಣ್ಣು ಬೀರುವಿನ ಕಡೆಗಿತ್ತು.

"ಬಾವು ತುಂಬಾ ಚೆನ್ನಾಗಿ ಇಳಿದಿದೆ" ಎಂದರು ಮೇಡಂ. "ಯಾರು ನೋಡ್ಕೊಂಡಿದ್ದು?"

"ಮೆಷಿನ್ ಕೆಟ್ಟಿದೆಯಲ್ಲಾ ಮೇಡಂ" ಎಂದರು ಷಡ್ಡಕರು.

"ಕೆಟ್ಟಿಲ್ಲ. ಪಟ್ಟಿ ಹತ್ರ ಒಂದು ಸಣ್ಣ ತಂತಿ ಇದೆ ನೋಡಿ. ನೀರು ಎಷ್ಟು ತಂಪಿದೆ ಅಂತ ಅದು ನೋಡ್ತಾನೇ ಇರುತ್ತೆ. ನಾನು ಇಟ್ಟಷ್ಟು ತಂಪಾದ ತಕ್ಷಣ ಪಂಪು ನಿಲ್ಲಿಸುತ್ತೆ. ಮಂಡಿ ಬಿಸಿಗೆ ನೀರು ಬೆಚ್ಚಗಾದ್ರೆ ಮತ್ತೆ ಶುರು ಮಾಡುತ್ತೆ. ಸಾಕಾದಾಗ ಸುಮ್ಮನಾಗುತ್ತೆ, ಬೇಕಾದಾಗ ಸದ್ದು ಮಾಡುತ್ತೆ. ಅವತ್ತು ಇದನ್ನೇ ಹೇಳೋಕೆ ಹೊರಟಿದ್ದೆ. ಇವರು ಗೊತ್ತು ಅಂದ್ರು."

ಹೊಲಿಗೆಯಕ್ಕ ಯಂತ್ರವನ್ನು ನೋಡಿದಳು. "ಹಾಗಾದ್ರೆ ಅದಕ್ಕೆ ಹಸಿವಾಗಿರ್ಲಿಲ್ವಾ?"

ಮೇಡಂ ಮುಚ್ಚಳ ತೆಗೆಯಲು ಹೋದರು. ಬರಲಿಲ್ಲ. ಇನ್‌ಸ್ಪೆಕ್ಟರು ಕೈ ಕೊಟ್ಟರು. ತೆರೆದಾಗ ಒಳಗಿನ ಐಸಿನ ಗುಡ್ಡದಲ್ಲಿ ಮೇಡಂ ತಾವು ತೋರಿಸಿದ್ದ ಗೆರೆಯನ್ನು ಹುಡುಕಿದರು.

"ಬರೀ ಐಸು ಕಟ್ಟಿದ್ರೆ ಮಂಡಿ ಮರಗಟ್ಟಿ ಹೋಗ್ತಿತ್ತು" ಎಂದರು ಕೊನೆಗೆ. "ಈ ಮೆಷಿನ್ ಬಾವಿನಿಂದಷ್ಟೇ ಅಲ್ಲ, ನಿಮ್ಮಿಂದಲೂ ಮಂಡಿನ ಕಾಪಾಡಿದೆ."

ಎಲ್ಲರ ಮುಖವೂ ಗೊತ್ತಣ್ಣನ ಕಡೆ ತಿರುಗಿತು. ಅವನು ನೆಲ ನೋಡಿದ. ನೆಲದ ಮೇಲೆ ನೀರಿತ್ತು. ಆ ನೀರಿನಲ್ಲಿ ತನ್ನ ಮುಖವೇ ಕಂಡಿತು.

"ನಂಗೆ ಗೊತ್ತಿರ್ಲಿಲ್ಲ" ಎಂದ.

ಕಟ್ಟಡದಲ್ಲಿ ಆ ಮಾತನ್ನು ಯಾರೂ ಹಿಂದೆ ಕೇಳಿರಲಿಲ್ಲ. ಹೊಲಿಗೆಯಕ್ಕನಿಗೆ ಯಾಕೋ ಕಣ್ಣು ತುಂಬಿಕೊಂಡಿತು.

"ಮಂಡಿ ಚೆನ್ನಾಗಿರೋದು ಅದೃಷ್ಟ" ಎಂದರು ಷಡ್ಡಕರು. ತಮ್ಮ ಪಂಪಿನ ತೀರ್ಪನ್ನು ಆಗಲೇ ಮರೆತಿದ್ದರು. "ಅದೃಷ್ಟದ ಮೇಲೆ ಎಷ್ಟು ದಿನ ಬಿಡೋದು? ಅತ್ತೆ, ಹೋಗೋಣ ಅಲ್ವಾ?"

ಅತ್ತೆ ಮಾತಾಡಲಿಲ್ಲ. ಮೌನ ಒಪ್ಪಿಗೆಯೆಂದು ತಿಳಿದು ಷಡ್ಡಕರು ಮಂಚದ ಕೆಳಗಿದ್ದ ಬ್ಯಾಗು ಎಳೆದರು. ಬ್ಯಾಗು ಖಾಲಿಯಿತ್ತು, ಹಗುರವಾಗಿ ಬಂದುಬಿಟ್ಟಿತು.

"ಅದನ್ನ ಅಲ್ಲೇ ಇಡಿ" ಎಂದರು ಅತ್ತೆ.

ಅತ್ತೆಯ ದನಿ ಎಕ್ಸ್‌ಚೇಂಜಿನ ದನಿ. ಮೆಲ್ಲಗಿದ್ದರೂ ದೂರದ ಊರಿಗೂ ಕೇಳುವಂಥದ್ದು. ಷಡ್ಡಕರು ಬ್ಯಾಗು ಇಟ್ಟರು.

"ನಿಮ್ಮನೇಲಿ ನಾನು ತುಂಬಾ ಮಾತಾಡ್ತೀನಿ, ಅಲ್ವಾ?"

"ಹೌದು ಅತ್ತೆ. ನಿಮಗೆ ಅಲ್ಲಿ ಖುಷಿ."

"ನೀರು ಬೇಕು ಅಂತ ಮಾತಾಡ್ತೀನಿ. ಫ್ಯಾನು ಹಾಕಿ ಅಂತ ಮಾತಾಡ್ತೀನಿ. ಕಿಟಕಿ ಮುಚ್ಚಿ ಅಂತ ಮೂರು ಸಲ ಮಾತಾಡ್ತೀನಿ. ನಿಮಗೆಲ್ಲ ಕೆಲಸ, ತಪ್ಪು ಅಂತಲ್ಲ. ಇಲ್ಲಿ ನಾನು ಬಾಯಿ ತೆಗೆಯೋದ್ರೊಳಗೆ ದಿಂಬು ಬಂದಿರುತ್ತೆ, ಕಾಫಿ ಬಂದಿರುತ್ತೆ. ಬೇಡ ಅಂದ್ರೂ ಬಂದಿರುತ್ತೆ. ಮಾತಾಡೋಕೆ ಏನಿದೆ ಹೇಳಿ."

ಇನ್‌ಸ್ಪೆಕ್ಟರು ಕೂಡ ಪ್ಯಾಂಟಿನ ಮಡಿಕೆ ಬಿಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ಅತ್ತೆ, ನಿಮಗೆ ಮೆಷಿನ್ ವಿಷಯ ಮೊದಲೇ..." ಎಂದು ಗೊತ್ತಣ್ಣ ತೊದಲಿದ.

"ಗೊತ್ತಿತ್ತು. ಅದರ ಟಕ್ ಕೇಳಿದ್ರೇ ತಿಳಿಯುತ್ತೆ. ಎಕ್ಸ್‌ಚೇಂಜಲ್ಲಿ ಇಡೀ ಜೀವನ ಅದೇ ಸದ್ದು ಕೇಳಿದ್ದೀನಿ. ಹೇಳೋಕೆ ಹೋದೆ, ನೀವು ಗೊತ್ತು ಅಂದ್ರಿ. ಆಮೇಲೆ ಜನ ಬರೋಕೆ ಶುರುವಾಯ್ತು. ಮಾಸ್ತರು ಮೆಷಿನ್‌ನ ದಿಟ್ಟಿಸಿದ್ದು, ಆ ಹುಡುಗಿ ಹೃದಯ ಹುಡುಕಿದ್ದು..." ಅತ್ತೆಯ ತುಟಿಯ ತುದಿ ಮೇಲೆದ್ದಿತು. "ಹೇಳಿದ್ರೆ ನಿಂತುಹೋಗ್ತಿತ್ತಲ್ಲಾ ಅಂತ ಸುಮ್ಮನಿದ್ದೆ."

ಷಡ್ಡಕರು ಕಾಫಿ ಕುಡಿದು, ಜೊತೆಗೆ ಬೇಡವೆಂದರೂ ಬಂದ ಚಹಾ ಕುಡಿದು, ಬೂಟು ಕೈಯಲ್ಲಿ ಹಿಡಿದು ಹೊರಟರು. ಅದಕ್ಕೂ ಮೊದಲು ಬಚ್ಚಲಿಗೆ ಹೋಗಿ ತೂತಿಗೆ ಕಟ್ಟಿದ್ದ ಹೊಟ್ಟನ್ನು ತಾವೇ ಕೈಹಾಕಿ ತೆಗೆದು ನೀರಿಗೆ ದಾರಿ ಮಾಡಿಕೊಟ್ಟರು ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಇನ್‌ಸ್ಪೆಕ್ಟರು, ನೀರು ಇಲಾಖೆಯದ್ದಲ್ಲವಾದ್ದರಿಂದ ತಮಗೆ ಇದರಲ್ಲಿ ಅಧಿಕಾರವಿಲ್ಲ ಎಂದು ಘೋಷಿಸಿ, ಆ ಅಧಿಕಾರವಿಲ್ಲದ ನೀರಿನಲ್ಲೇ ಕಾಲು ತಣ್ಣಗೆ ಮಾಡಿಕೊಳ್ಳುತ್ತಾ ಇಳಿದುಹೋದರು. ಉಳಿದ ದಿಮ್ಮಿಯನ್ನು ಒಡೆದು, ಐಸು ಕೊಟ್ಟ ಮನೆಗಳಿಗೆಲ್ಲ ಗೊತ್ತಣ್ಣ ಸಾಲ ತೀರಿಸಿ ಬಂದ. ಎಲ್ಲರಿಗೂ ಒಂದೊಂದು ಹಿಡಿ ಹೆಚ್ಚಿಗೆ.

ಸಂಜೆ ಹೆಂಡತಿ ಉಸಿರು ಬಿಗಿಹಿಡಿದು ಮೆಟ್ಟಿಲು ಹತ್ತಿ ಬಂದಳು. ಮೆಟ್ಟಿಲು ಒದ್ದೆ. ಪರದೆಗಳು ಒದ್ದೆ. ಒಳಗೆ ಅಮ್ಮ ಮಲಗಿದ್ದಳು. ಗಂಡ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ. ಯಾರೂ ಮಾತಾಡುತ್ತಿರಲಿಲ್ಲ.

"ಭಾವ ಬಂದಿದ್ರಾ? ಏನಂದ್ರು? ಯಾಕೆ ಇಬ್ರೂ ಹೀಗೆ ಕೂತಿದ್ದೀರಿ, ಜಗಳಾನಾ?" ಎಂದಳು. ಬೀರು ತೆರೆದು ನೋಡಿದಳು. ಸೀರೆಗಳು ಅಲ್ಲೇ ಇದ್ದವು. ಆದರೂ ಧೈರ್ಯ ಸಾಲದೆ ಅವಳ ಕಣ್ಣು ಯಂತ್ರದ ಮೇಲೆ ಬಿತ್ತು. "ರೀ, ಮೆಷಿನ್ ನಿಂತಿದೆ. ಐಸು ಸಾಲ್ದಾಗಿದೆ ಅನ್ನಿಸುತ್ತೆ. ತರ್ಲಾ?"

ಗೊತ್ತಣ್ಣ ಅತ್ತೆಯ ಕಡೆ ನೋಡಿದ. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು.

"ಬೇಡ" ಎಂದ. "ಸಾಕಾಗಿದೆ."